ಇಂಬಳದೊಂದಿಗೆ ಮುಕ್ಕಾಲು ಗಂಟೆ

ಸಂದರ್ಶನ ಕೊಡಿ ಎಂದು ಮೊದಲು ಕೇಳಬೇಕೆಂದುಕೊಂಡದ್ದು ಹುಲಿಯನ್ನು. ಅದು ಸಿಗಲಿಲ್ಲ. ಸಿಕ್ಕಿದ್ದರೆ ಈ ಬರಹ ನಿಮಗೆ ಸಿಗುತ್ತಿರಲಿಲ್ಲ. ಸಿಂಗಳೀಕವನ್ನು ಕೇಳೋಣವೆಂದರೆ ಅದು ಮರದ ತುದಿ ಬಿಟ್ಟು ಇಳಿಯುವ ಪೈಕಿಯಲ್ಲ. ಕಾಟಿಯೊಂದು ದೂರದ ಹುಲ್ಲಿನಲ್ಲಿ ನಿಂತು ನನ್ನ ಮುಖವನ್ನು ಎರಡು ನಿಮಿಷ ನೋಡಿತು. ಆಮೇಲೆ ಪತ್ರಿಕೆಯವರನ್ನು ಮೊದಲೇ ಕಂಡು ಬೇಸತ್ತವರ ಹಾಗೆ ಬೆನ್ನು ತಿರುಗಿಸಿ ಶೋಲಾ ಕಾಡಿನೊಳಗೆ ನಡೆಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಕರೆಯದೆಯೂ ಬಂದು, ಮೈಗೆ ತಾಗಿ ಕೂತು, ಹೋಗು ಎಂದರೂ ಹೋಗದೆ ಮಾತಾಡುವ ಜೀವಿ ಒಂದೇ. ಅದು ಇಂಬಳ.

ಅಕ್ಟೋಬರ್ ತಿಂಗಳು. ಮಳೆ ಹೋಗಿತ್ತು, ನೆಲ ಮಾತ್ರ ಅದನ್ನು ಇನ್ನೂ ನಂಬಿರಲಿಲ್ಲ. ಮುಳ್ಳೋಡಿ ಎಂಬ ಊರಿನಿಂದ ಕುದುರೆಮುಖ ಶಿಖರಕ್ಕೆ ಹೋಗುವ ದಾರಿಯಲ್ಲಿ ಹಳ್ಳವೊಂದನ್ನು ದಾಟಿ, ಬಂಡೆಯ ಮೇಲೆ ಕೂತು ಕಾಲುಚೀಲ ಇಳಿಸಿದೆ. ಜತೆಗಿದ್ದ ಗೈಡ್ ಹುಡುಗ, "ಇಲ್ಲಿ ಕೂತರೆ ಹತ್ತುತ್ತವೆ ಸರ್" ಎಂದ. "ಅದಕ್ಕೇ ಕೂತದ್ದು" ಎಂದೆ. ಅವನು ನನ್ನನ್ನು ಬೆಂಗಳೂರಿನವರ ಲೆಕ್ಕಕ್ಕೆ ಸೇರಿಸಿ ಸುಮ್ಮನಾದ.

ಷರತ್ತುಗಳು ಹೀಗಿದ್ದವು: ಸಂಭಾವನೆ ನಗದಿನಲ್ಲಿ ಬೇಡ, ಹಿಮ್ಮಡಿಯ ಮೇಲೆ ಒಂದು ಕಾಳಿನಷ್ಟು ಜಾಗ ಸಾಕು. ಮಾತು ಹೊಟ್ಟೆ ತುಂಬುವ ತನಕ ಮಾತ್ರ. ತುಂಬಿದ ಮೇಲೆ ಅರ್ಧ ಪ್ರಶ್ನೆಗೂ ಉತ್ತರವಿಲ್ಲ. ನನ್ನ ಕಡೆಯಿಂದ ಒಂದೇ ಮಾತು ಕೇಳಿತು: ಮಧ್ಯದಲ್ಲಿ ಕಿತ್ತು ಎಸೆಯಬಾರದು. ಒಪ್ಪಿದೆ. ಕಳಸದ ಅಂಗಡಿಯಲ್ಲಿ ಕೊಂಡ ಉಪ್ಪಿನ ಪೊಟ್ಟಣ ಜೇಬಿನಲ್ಲಿದ್ದ ವಿಷಯವನ್ನು ಹೇಳಲಿಲ್ಲ. ಚೀಲ ತಪಾಸಣೆ ಮಾಡಿದವರಿಗೂ ಹೇಳಿರಲಿಲ್ಲ.

ಬಾಯಿ ಕೆಲಸದಲ್ಲಿರುವಾಗ ಅದು ಮಾತಾಡಿದ್ದು ಹೇಗೆ ಎಂದು ಕೇಳಬೇಡಿ. ಉಣ್ಣುತ್ತಲೇ ಊರಿಗೆ ಉಪದೇಶ ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ.

ನಾನು: ನಮಸ್ಕಾರ. ಮೊದಲಿಗೆ, ನಿಮ್ಮನ್ನು ಇಂಬಳಪ್ಪ ಅನ್ನಬೇಕೋ, ಇಂಬಳಮ್ಮ ಅನ್ನಬೇಕೋ?

ಇಂಬಳ: ಎರಡೂ ನಾನೇ ಮಾರಾಯ್ರೆ. ನಮ್ಮಲ್ಲಿ ಗಂಡು ಹೆಣ್ಣು ಒಂದೇ ಮೈಯಲ್ಲಿ. ಆನ್‌ಲೈನ್ ಫಾರಂ ತುಂಬುವ ಕಷ್ಟ ನಿಮಗೆ ಮಾತ್ರ. ನಮಗೆ ಟಿಕೆಟ್ಟೂ ಬೇಡ, ಆಧಾರೂ ಬೇಡ.

ನಾನು: ಜಿಗಣೆ ಎಂದರೂ ನೀವೇ ತಾನೆ?

ಇಂಬಳ: ಜಿಗಣೆ ಅಂದರೆ ಕೆರೆ, ಗದ್ದೆಯ ನೀರಿನಲ್ಲಿರುವ ನಮ್ಮ ದಾಯಾದಿಗಳು. ಅವರದು ದೊಡ್ಡ ಮನೆತನ. ಸುಶ್ರುತ ಸಂಹಿತೆಯಲ್ಲಿ ಅವರಿಗೆ ಅಧ್ಯಾಯವೇ ಇದೆ. ಹನ್ನೆರಡು ಬಗೆ, ಆರು ವಿಷದವು, ಆರು ವಿಷವಿಲ್ಲದವು ಅಂತ ಗುರುತಿಸಿ ಬರೆದಿದ್ದಾರೆ. ಕೆಟ್ಟ ರಕ್ತ ತೆಗೆಯಲು ವೈದ್ಯರು ಅವರನ್ನು ಕೂರಿಸಿ ಕರೆತರುತ್ತಿದ್ದರು. ನಾವು ನೆಲದವರು. ಪದವಿ ಇಲ್ಲ, ಪ್ರಾಕ್ಟೀಸ್ ಮಾತ್ರ.

ನಾನು: ಉಪಕರಣಗಳು?

ಇಂಬಳ: ಮುಂದೊಂದು ಹೀರುಬಟ್ಟಲು, ಹಿಂದೊಂದು. ಮೂರು ದವಡೆ. ಐದು ಜೊತೆ ಕಣ್ಣು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಎಂಜಲು. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಬಿಡುವ ಉಸಿರು, ಇಷ್ಟು ಸಾಕು ನಮಗೆ. ನಿಮ್ಮ ಗುಂಪಿನ ಮೊದಲನೆಯವನು ನಡೆಯುವಾಗ ಎದ್ದು ಕೂರುತ್ತೇವೆ, ಎರಡನೆಯವನಿಗೆ ತಲೆ ಎತ್ತುತ್ತೇವೆ, ಮೂರನೆಯವನಿಗೆ ಹತ್ತುತ್ತೇವೆ. ಅದಕ್ಕೇ ಈ ಊರಿನ ಗೈಡುಗಳು ಮುಂದೆ ನಡೆಯುತ್ತಾರೆ. ನೀವು ಅದನ್ನು ಮಾರ್ಗದರ್ಶನ ಅಂತ ತಿಳಿಯುತ್ತೀರಿ.

(ಗೈಡ್ ಹುಡುಗ ಆಕಾಶ ನೋಡಿದ.)

ನಾನು: ಈ ಉದ್ಯಾನದಲ್ಲಿ ನಿಮ್ಮ ಹುದ್ದೆ ಏನು?

ಇಂಬಳ: ಚೆಕ್‌ಪೋಸ್ಟು. ಇಲಾಖೆಯವರದು ಗೇಟಿನಲ್ಲಿ, ನನ್ನದು ಗೇಟಿನ ಒಳಗೆ. ಅವರು ಮೊಬೈಲಿನಲ್ಲಿರುವ ಟಿಕೆಟ್ ನೋಡುತ್ತಾರೆ, ನಾನು ಕಾಲು ನೋಡುತ್ತೇನೆ. ದಾರಿಯಲ್ಲೇ ನಡೆದವರು ಒಂದೋ ಎರಡೋ ಹತ್ತಿಸಿಕೊಂಡು ಹೋಗುತ್ತಾರೆ. ಹೂವಿನ ಫೋಟೊ, ಶಾರ್ಟ್‌ಕಟ್, "ಒಂದೇ ನಿಮಿಷ ಬರ್ತೇನೆ" ಅಂತ ಪೊದೆಗೆ ನುಗ್ಗಿದವರು ಇಪ್ಪತ್ತು ಹತ್ತಿಸಿಕೊಂಡು ವಾಪಸಾಗುತ್ತಾರೆ. ದಂಡ ಸ್ಥಳದಲ್ಲೇ ವಸೂಲಿ. ರಸೀದಿ ಮೂರು ದವಡೆಯ ಗುರುತು.

ನಾನು: ರಿಜಿಸ್ಟರ್ ಇಟ್ಟಿದ್ದೀರಾ?

ಇಂಬಳ: ಅದೇ ಹೊಟ್ಟೆಯಲ್ಲಿರುವುದು! ವಿಯೆಟ್ನಾಮಿನಲ್ಲಿ ನಮ್ಮ ಬಂಧುಗಳ ಹೊಟ್ಟೆಯ ರಕ್ತದಲ್ಲಿ ಡಿಎನ್‌ಎ ಹುಡುಕಿ, ಕಾಡಿನಲ್ಲಿ ಯಾವ ಯಾವ ಪ್ರಾಣಿ ಇದೆ ಅಂತ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಕಂಡವರೇ ಅಪರೂಪವಾದ ಪಟ್ಟೆ ಮೊಲದ ಸುಳಿವೂ ಅದರಲ್ಲಿ ಸಿಕ್ಕಿತು. ಕ್ಯಾಮೆರಾ ಕಟ್ಟಿ ತಿಂಗಳುಗಟ್ಟಲೆ ಕಾದರೂ ಕಾಣದ್ದು ಇಂಬಳದ ಹೊಟ್ಟೆಯಲ್ಲಿ ದಾಖಲಾಗಿತ್ತು. ನಾಳೆ ಇಲ್ಲಿ ಯಾರಾದರೂ ನನ್ನನ್ನು ಪರೀಕ್ಷಿಸಿದರೆ ಕಡವೆ, ಕಾಟಿ, ಕಾಡುಹಂದಿ, ನಡುವೆ ಸಾಲಾಗಿ ಸಾಫ್ಟ್‌ವೇರ್ ಇಂಜಿನಿಯರುಗಳು ಸಿಕ್ಕಾರು. ಶನಿವಾರ, ಭಾನುವಾರ ಹೆಚ್ಚು.

ನಾನು: ಆ ಶನಿವಾರ, ಭಾನುವಾರದ ವಿಷಯಕ್ಕೇ ಬರೋಣ. ಈಗ ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಇದೆ. ನಿಮ್ಮ ಅಭಿಪ್ರಾಯ?

ಇಂಬಳ: ಮಿತಿ ಬಂದದ್ದು ಹೇಗೆ ನೆನಪುಂಟಲ್ಲ? 2024ರ ಜನವರಿ, ಗಣರಾಜ್ಯೋತ್ಸವದ ರಜೆ. ಅಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ಹತ್ತಲು ಹೋಗಿ, ಗಿರಿಗದ್ದೆಯ ತಪಾಸಣೆಯ ಹತ್ತಿರ ಸಿನಿಮಾ ಟಾಕೀಸಿನ ಮೊದಲ ದಿನದ ಹಾಗೆ ಸಾಲು ನಿಂತ ವಿಡಿಯೊ ನಾಡೆಲ್ಲ ನೋಡಿತು. ಚಾರಣ ನಿಂತಿತು, ಆಮೇಲೆ ಆನ್‌ಲೈನ್ ಬುಕಿಂಗ್, ಮಿತಿ, ಎಲ್ಲ ಬಂತು. ಅದೂ ಜನವರಿಯಲ್ಲಿ! ಆಗ ನೆಲ ಒಣಗಿ ನಾವು ಎಲೆಯಡಿ, ಮಣ್ಣಿನಡಿ ಮಲಗಿರುತ್ತೇವೆ. ಮಳೆಗಾಲದಲ್ಲಿ ಅಷ್ಟು ಜನ ಬಂದಿದ್ದರೆ ಮಿತಿ ನಾವೇ ಹಾಕುತ್ತಿದ್ದೆವು.

ನಾನು: ಅಂದರೆ 300 ಸರಿ ಎನ್ನುತ್ತೀರಾ?

ಇಂಬಳ: ನೀವು ತಲೆ ಎಣಿಸುತ್ತೀರಿ, ನಾವು ಕಾಲು ಎಣಿಸುತ್ತೇವೆ. ನಮ್ಮ ಲೆಕ್ಕದಲ್ಲಿ ಅದು 600. ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿ ಬಿದ್ದರೆ 600 ಕಾಲೂ ಒಂದು ಗೇಣು ಅಗಲದ ದಾರಿಯಲ್ಲಿ ಹೋಗಿ ಬರುತ್ತವೆ. ಆದರೆ ಹೊಸ ಶೂ ಹಾಕಿದವರಿಗೆ ಕೆಸರು ಆಗದು. ಒಬ್ಬ ಕೆಸರಿನ ಎಡಕ್ಕೆ ಸರಿದ, ಇನ್ನೊಬ್ಬ ಬಲಕ್ಕೆ. ಮುಂದಿನ ವಾರ ಎಡವೂ ಕೆಸರು, ಬಲವೂ ಕೆಸರು. ದಸರೆಗೆ ಕಾಲುದಾರಿ, ಸಂಕ್ರಾಂತಿಗೆ ಗಾಡಿದಾರಿ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಹುಲ್ಲಿನ ಬೇರು ಬಿಟ್ಟ ಕಡೆ ನೀರು ಮಣ್ಣನ್ನು ಎಳೆದು ಒಯ್ಯುತ್ತದೆ. ಕಾಡುದಾರಿಯಲ್ಲಿ ಸಭ್ಯತೆ ಅಂದರೆ ಕೆಸರನ್ನು ಮೆಟ್ಟಿಕೊಂಡೇ ಹೋಗುವುದು. ಶೂ ತೊಳೆಯಬಹುದು, ಗುಡ್ಡ ತೊಳೆದುಹೋದರೆ ಹಾಕುವವರು ಯಾರು?

ನಾನು: ಆದರೆ ಮೇಲೆಲ್ಲ ಬೋಳು ಹುಲ್ಲುಗುಡ್ಡ. ಅಲ್ಲಿ ನಡೆದರೆ ಹಾಳಾಗುವುದೇನು?

ಇಂಬಳ: ಬೋಳು ಅಂತೀರಲ್ಲ, ಅದೇ ತೊಂದರೆ. ಮರ ಇದ್ದರೆ ಮಾತ್ರ ಕಾಡು ಅಂತ ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಇಲ್ಲಿ ಗುಡ್ಡದ ಮೈಗೆ ಹುಲ್ಲು, ಕಣಿವೆಯ ಮಡಿಲಿಗೆ ಶೋಲಾ. ಹುಲ್ಲು ಮಳೆಯ ಹೊಡೆತ ತಡೆದು ನೀರನ್ನು ಮೆಲ್ಲಗೆ ನೆಲಕ್ಕೆ ಇಳಿಸುತ್ತದೆ, ಶೋಲಾ ಅದನ್ನು ಹಿಡಿದಿಟ್ಟು ಬೇಸಗೆಯ ತನಕ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಸೀಮೆಯವು. ನೀವು ಹಳ್ಳ ಅಂತ ದಾಟಿ ಬಂದಿರಲ್ಲ, ಅದರ ನೀರು ಭದ್ರೆಗೆ ಸೇರಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು ಬಯಲುಸೀಮೆಗೆ ಹೋಗುತ್ತದೆ. ನಿಮ್ಮ ಗುಂಪಿನವರು ಅದರಲ್ಲಿ ಶಾಂಪೂ ಹಾಕಿ ಮಿಂದದ್ದನ್ನು ಯಾರ ಮನೆಯ ಕೊಡ ತುಂಬಿಕೊಳ್ಳುತ್ತದೋ!

ನಾನು: ನಾನು ಮಿಂದಿಲ್ಲ.

ಇಂಬಳ: ಅದು ನಿಮ್ಮ ರುಚಿಯಲ್ಲೇ ಗೊತ್ತಾಗುತ್ತದೆ.

ನಾನು: (ವಿಷಯ ಬದಲಿಸುತ್ತ) ಬೇರೆ ದೇಶಗಳಲ್ಲಿ ಇಂಥ ಕಾಡುಗಳಿಗೆ ಕುದುರೆಯ ಮೇಲೂ ಹೋಗುತ್ತಾರಂತೆ. ಇಲ್ಲಿ ಅದಕ್ಕೆ ಅವಕಾಶ ಕೊಡಬಹುದೇ?

ಇಂಬಳ: ಇಲ್ಲಿ ಕುದುರೆ ಇರುವುದು ಬೆಟ್ಟದ ಮುಖದಲ್ಲಿ ಮಾತ್ರ. ಅದನ್ನು 1,894 ಮೀಟರ್ ಎತ್ತರದಲ್ಲಿ ಕಟ್ಟಿಹಾಕಿದ್ದಾರೆ, ಅಲ್ಲೇ ಇರಲಿ. ಕುದುರೆ ಬಂದರೆ ಹೆಚ್ಚು ರಕ್ತ ಸಿಗುತ್ತದೆ, ನಮಗೆ ಲಾಭವೇ. ಆದರೂ ಬೇಡ. ಒಂದು ಗೇಣಿನ ದಾರಿಯಲ್ಲಿ ಲಾಳ ಹೊಡೆದ ನಾಲ್ಕು ಕಾಲು ಇಳಿದರೆ ಏನಾಗುತ್ತದೆ ಅಂತ ಒಂದು ಮಳೆಗಾಲ ಸಾಕು ಹೇಳಲು. ಅದರ ಮೇವಿನಲ್ಲಿ, ಲದ್ದಿಯಲ್ಲಿ ಹೊರಗಿನ ಕಳೆಯ ಬೀಜವೂ ಬರುತ್ತದೆ. ನಿಮ್ಮ ಶೂ ಅಡಿಯಲ್ಲಿ ಬರುವ ಬೀಜವೇ ಸಾಕಾಗಿದೆ. ಹತ್ತುವ ಮೊದಲು ಶೂ ಕೆರೆದು ಬರುವವರನ್ನು ನಾನಂತೂ ಕಂಡಿಲ್ಲ. ಇಳಿದ ಮೇಲೆ ಕಾರು ಗಲೀಜಾಗುತ್ತದೆ ಅಂತ ಕೆರೆಯುವವರು ಬೇಕಾದಷ್ಟು.

ನಾನು: ಬರುವವರಲ್ಲಿ ಎಷ್ಟು ಬಗೆ?

ಇಂಬಳ: ಸುಶ್ರುತನ ಹಾಗೆ ಹನ್ನೆರಡು ಹೇಳಲು ನನಗೆ ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ. ಮೂರು ಸಾಕು. ಮೊದಲನೆಯವರು ಬ್ಯಾಚಿನವರು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಟಿಟಿ ಹತ್ತಿ, ನಿದ್ದೆಯಿಲ್ಲದೆ ಬೆಳಿಗ್ಗೆ ಇಲ್ಲಿ ಇಳಿದು, ಉಪ್ಪಿಟ್ಟು ತಿಂದು, ಓಡಿ ಹತ್ತಿ, ಓಡಿ ಇಳಿದು, ಸೋಮವಾರ ಆಫೀಸಿನಲ್ಲಿ ತೂಕಡಿಸುವವರು. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಅಷ್ಟರಲ್ಲಿ ಅವರು ನೋಡುವುದು ಮುಂದಿನವನ ಹಿಮ್ಮಡಿ. ಎರಡನೆಯವರು ಗೆಲ್ಲುವವರು. ತುದಿಗೆ ಹೋಗಿ ಕೈ ಮೇಲೆತ್ತಿ "ಶಿಖರ ಗೆದ್ದೆ" ಅಂತ ಕೂಗುತ್ತಾರೆ. ಪಂದ್ಯ ನಡೆದದ್ದೂ ಬೆಟ್ಟ ಸೋತದ್ದೂ ನಮಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಮೂರನೆಯವರು ಮೌನ ಬೇಕು ಅಂತ ಬರುವವರು. ಮೌನ ಕಂಡ ಕೂಡಲೆ ಬ್ಯಾಗಿನಿಂದ ಬ್ಲೂಟೂತ್ ಸ್ಪೀಕರ್ ತೆಗೆಯುತ್ತಾರೆ.

ನಾನು: ಹಾಡು ಕೇಳಿದರೆ ಕಾಡಿಗೇನು ನಷ್ಟ?

ಇಂಬಳ: ನನಗೆ ಕಿವಿಯಿಲ್ಲ, ಅದುರು ಮಾತ್ರ ತಿಳಿಯುತ್ತದೆ. ಸ್ಪೀಕರ್ ಇಟ್ಟ ಗುಂಪು ಬಂದರೆ ಅರ್ಧ ಕಿಲೋಮೀಟರಿನ ತನಕ ಊಟದ ಗಂಟೆ ಹೊಡೆದ ಹಾಗೆ. ಆದರೆ ಸಿಂಗಳೀಕಕ್ಕೆ ಕಿವಿ ಇದೆ. ಈ ಉದ್ಯಾನ 1987ರಲ್ಲಿ ಆದದ್ದರ ಹಿಂದೆ ಆ ಕೋತಿಯ ಲೆಕ್ಕ ಇದೆ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸುತ್ತಿ ಸಿಂಗಳೀಕದ ಸಮೀಕ್ಷೆ ಮಾಡಿದ್ದರು. ಅದನ್ನು ಎಣಿಸುವವರು ಉಸಿರು ಬಿಗಿಹಿಡಿದು ಮರದಡಿ ನಿಲ್ಲಬೇಕು. ಅಲುಗಾಡದೆ ನಿಂತವರಿಗೆ ನಾವು ಎಷ್ಟು ಹತ್ತುತ್ತೇವೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಕಾಡನ್ನು ನಿಜವಾಗಿ ನೋಡಿದವರು ಯಾರು ಅಂತ ನನ್ನನ್ನು ಕೇಳಿದರೆ, ನನ್ನ ಸುಂಕ ತಲೆಬಾಗಿ ಕಟ್ಟಿದವರು ಅಂತ ಹೇಳುತ್ತೇನೆ.

ನಾನು: ಸುಂಕ ತಪ್ಪಿಸುವವರೂ ಇದ್ದಾರಲ್ಲ. ಹೊಗೆಸೊಪ್ಪು, ಸುಣ್ಣ, ನಶ್ಯ, ಸೋಪು...

ಇಂಬಳ: ಇಲ್ಲಿನವರು ತೋಟದ ಕೆಲಸಕ್ಕೆ ಹೋಗುವಾಗ ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಳ್ಳುತ್ತಾರೆ. ಅದು ಅವರ ನಿತ್ಯದ ಬದುಕು, ನಮ್ಮ ತಕರಾರಿಲ್ಲ. ಮೊಣಕಾಲಿನವರೆಗೆ ಒತ್ತಾಗಿ ನೇಯ್ದ ಇಂಬಳದ ಕಾಲುಚೀಲ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ, ಅದಕ್ಕೂ ನಮ್ಮ ಗೌರವ ಉಂಟು. ಹತ್ತಿದರೂ ಗಾಬರಿ ಬೇಡ: ಬಾಯಿಯ ಕಡೆಯ ತೆಳು ತುದಿಯ ಕೆಳಗೆ ಉಗುರು ತೂರಿಸಿ ಮೆಲ್ಲಗೆ ಜಾರಿಸಿದರೆ ಬಿಡುತ್ತೇವೆ. ಆದರೆ ಕೆಲವರು ದಾರಿಯುದ್ದಕ್ಕೂ ಉಪ್ಪು ಎರಚುತ್ತಾರೆ. "ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ" ಅಂತ ನಿಮ್ಮಲ್ಲಿ ಗಾದೆ. ನಮ್ಮ ಮನೆಗೆ ಬಂದು ನಮಗೇ ಉಪ್ಪು ತಿನ್ನಿಸುವವರಿಗೆ ಯಾವ ಗಾದೆ ಹೇಳುವುದು? ಮಣ್ಣಿಗೆ ಬಿದ್ದ ಉಪ್ಪು ನಮ್ಮೊಬ್ಬರನ್ನೇ ಕೊಲ್ಲುವುದಿಲ್ಲ. ಕಪ್ಪೆ, ಎರೆಹುಳು ಎಲ್ಲವೂ ತೊಗಲಿನ ಮೂಲಕವೂ ಉಸಿರಾಡುವವು. ಅಂದ ಹಾಗೆ, ನಿಮ್ಮ ಬಲಜೇಬು ಯಾಕೆ ಉಬ್ಬಿದೆ?

ನಾನು: ಕರವಸ್ತ್ರ.

ಇಂಬಳ: ಪರಪರ ಸದ್ದು ಮಾಡುವ ಕರವಸ್ತ್ರ.

(ನಾನು ಕಾನೂನಿನ ಮೊರೆ ಹೋದೆ.)

ನಾನು: 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕಾಡುಪ್ರಾಣಿಯನ್ನು ಕೆಣಕುವಂತಿಲ್ಲ, ಕಸ ಹಾಕುವಂತಿಲ್ಲ. 30ನೇ ಸೆಕ್ಷನ್ ಪ್ರಕಾರ ಬೆಂಕಿ ಹಚ್ಚುವಂತಿಲ್ಲ. ನಿಯಮ ಇದೆಯಲ್ಲ?

ಇಂಬಳ: ಕಾಡುಪ್ರಾಣಿ ಅಂದಾಗ ನನ್ನನ್ನು ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ, ವಕೀಲರು ನೋಡಿಕೊಳ್ಳಲಿ. ಕಸಕ್ಕೆ ಪಟ್ಟಿ ಬೇಕಿಲ್ಲ. ಎಲ್ಲರೂ ಬಾಟಲಿ ಎಸೆಯುತ್ತಾರೆ ಅಂತ ನಾನು ಹೇಳುವುದಿಲ್ಲ. ಈಗ ಬಾಟಲಿ ಎಣಿಸಿ ಕಳಿಸುತ್ತಾರೆ, ಎಣಿಸಿದ್ದು ವಾಪಸು ಹೋಗುತ್ತದೆ. ಎಣಿಸದ್ದು ಇಲ್ಲೇ ಉಳಿಯುತ್ತದೆ. ಚಾಕೊಲೇಟಿನ ಮೂಲೆ ಹರಿದ ಚೂರು, ಒದ್ದೆ ಟಿಶ್ಯೂ, ಕಿತ್ತಳೆ ಸಿಪ್ಪೆ. "ಕೊಳೆಯುತ್ತದಲ್ಲ" ಅನ್ನುತ್ತೀರಿ. ಕೊಳೆಯುತ್ತದೆ, ಆದರೆ ನೀವು ಹೋದ ಮರುದಿನವಲ್ಲ. ಅಷ್ಟರಲ್ಲಿ ದಾರಿಯ ಬದಿಗೆ ತಿನ್ನಲು ಸಿಗುತ್ತದೆ ಅಂತ ಯಾವುದೋ ಪ್ರಾಣಿ ಪಾಠ ಕಲಿತಿರುತ್ತದೆ. ಇನ್ನು ಬೆಂಕಿ. ಈಗ ಹಸಿರಾಗಿ ಕಾಣುವ ಈ ಹುಲ್ಲು ಫೆಬ್ರವರಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಗುಡ್ಡ ಕರಿಯಾಗಲು.

ನಾನು: ಒಂದು ಸೂಕ್ಷ್ಮ ಪ್ರಶ್ನೆ. ಪ್ರಕೃತಿಯ ಕರೆ...

ಇಂಬಳ: ಪ್ರಕೃತಿ ಇಲ್ಲೇ ಇದೆ, ಅದು ಯಾರನ್ನೂ ಕರೆದಿಲ್ಲ. ಕರೆ ನಿಮ್ಮ ರಾತ್ರಿಯ ಬಿರಿಯಾನಿಯದು. ಹೊರಡುವ ಮೊದಲೇ ಹೋಂಸ್ಟೇಯಲ್ಲಿ ಮುಗಿಸಿ. ತಡೆಯದಿದ್ದರೆ ಹಳ್ಳದಿಂದ 60 ಮೀಟರ್ ದೂರ, ಗೇಣು ಆಳದ ಗುಂಡಿ, ಮೇಲೆ ಮಣ್ಣು. ಟಿಶ್ಯೂ ನಿಮ್ಮ ಚೀಲಕ್ಕೆ. ಬೇಗ ಮುಗಿಸಿ, ಅಂಥ ಹೊತ್ತಿನಲ್ಲಿ ನಾವು ಜಾಗ ಆರಿಸುವುದಿಲ್ಲ.

ನಾನು: ಇಷ್ಟು ವರ್ಷಗಳಲ್ಲಿ ನಿಮ್ಮ ಮನೆತನ ಕಂಡ ಅತಿ ದೊಡ್ಡ ಅತಿಥಿ ಯಾರು?

ಇಂಬಳ: ಗಣಿ. ಅದಿರು ತೆಗೆದು, ಪುಡಿ ಮಾಡಿ, ನೀರು ಬೆರೆಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ನಿಲ್ಲಿಸಿ ಅನ್ನುವ ಸುಪ್ರೀಂ ಕೋರ್ಟಿನ ಆದೇಶ 2002ರಲ್ಲಿ ಬಂತು, 2005ರ ಕೊನೆಯ ದಿನ ಗಣಿ ನಿಂತಿತು. ನಮಗೆ ರಕ್ತಹೀರುಕರು ಅಂತ ಬಿರುದು ಕೊಟ್ಟವರು ಬೆಟ್ಟದಿಂದ ಹೀರಿದ್ದನ್ನು ರಫ್ತು ಅಂತ ಕರೆದರು. ಉಳಿದ ಹೂಳು ಇವತ್ತಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿದೆ. ನಾನು ಬಿಟ್ಟುಹೋಗುವುದು ನಾಲ್ಕು ದಿನದ ತುರಿಕೆ.

ನಾನು: ಆದರೆ ಆ ಗಣಿಯಿಂದ ಊರುಗಳಿಗೆ ಕೆಲಸ, ರಸ್ತೆ...

ಇಂಬಳ: ಬಂತು, ಇಲ್ಲ ಅನ್ನುವುದಿಲ್ಲ. ಊರಿನವರ ಮಾತು ತೆಗೆದಿರಲ್ಲ, ಇದನ್ನೂ ಬರೆದುಕೊಳ್ಳಿ. ಉದ್ಯಾನದ ಒಳಗೆ ತಲೆತಲಾಂತರದಿಂದ ಇರುವ ಮನೆಗಳಿವೆ. ಅವರು ಒಂದು ಕಾಲುಸಂಕ, ಒಂದು ಕರೆಂಟು ಕಂಬ ಕೇಳಿದರೆ ಸಂರಕ್ಷಿತ ಪ್ರದೇಶ ಅನ್ನುವ ಉತ್ತರ ಬರುತ್ತದೆ. ಅದೇ ದಾರಿಯಲ್ಲಿ ನಿಮ್ಮ ಜೀಪು ಸಾಲಾಗಿ ಬರುತ್ತದೆ. ಅವರಿಗೆ ರಸ್ತೆಯ ಗುಂಡಿ ಕಷ್ಟ, ನಿಮಗೆ ಅದೇ ಗುಂಡಿ ಅಡ್ವೆಂಚರ್, ದುಡ್ಡು ಕೊಟ್ಟು ಎತ್ತಿಹಾಕಿಸಿಕೊಳ್ಳುತ್ತೀರಿ. ಬಂದರೆ ಅವರ ಮನೆಯಲ್ಲಿ ಉಣ್ಣಿ, ಅವರ ಹುಡುಗರನ್ನು ಗೈಡ್ ಮಾಡಿಕೊಳ್ಳಿ, ಅವರು "ಇಲ್ಲಿ ಹೋಗಬೇಡಿ" ಅಂದ ಕಡೆ ಹೋಗಬೇಡಿ. ಬೆಂಗಳೂರಿನಿಂದ ಅಕ್ಕಿ, ಅಡಿಗೆಯವ, ಗ್ರೂಪ್ ಲೀಡರ್ ಎಲ್ಲ ಕಟ್ಟಿಕೊಂಡು ಬಂದು, ಕಸ ಮಾತ್ರ ಇಲ್ಲಿಗೆ ಬಿಟ್ಟುಹೋದರೆ ಊರಿಗೆ ಸಿಕ್ಕಿದ್ದೇನು?

(ಗೈಡ್ ಹುಡುಗ ಈಗ ಆಕಾಶ ಬಿಟ್ಟು ನನ್ನ ಹಿಮ್ಮಡಿ ನೋಡತೊಡಗಿದ್ದ. ಬಂದಾಗ ದಾರದೆಳೆಯಂತಿದ್ದ ಇಂಬಳ ಅಷ್ಟರಲ್ಲಿ ನೇರಳೆಹಣ್ಣಿನ ಗಾತ್ರಕ್ಕೆ ಬಂದಿತ್ತು.)

ನಾನು: ಹೀಗೆಲ್ಲ ಹೇಳುವ ನೀವೂ ರಕ್ತ ಕುಡಿಯುವವರೇ ಅಲ್ಲವೇ? ನೈತಿಕ ಹಕ್ಕು ಎಲ್ಲಿಂದ ಬಂತು?

ಇಂಬಳ: ಇದು ಒಳ್ಳೆಯ ಪ್ರಶ್ನೆ. ಕುಡಿಯುತ್ತೇನೆ. ನನ್ನ ತೂಕದ ಎಷ್ಟೋ ಪಟ್ಟು ಕುಡಿಯುತ್ತೇನೆ. ಆದರೆ ಒಮ್ಮೆ ಕುಡಿದರೆ ತಿಂಗಳುಗಟ್ಟಲೆ ಇನ್ನೊಬ್ಬರ ಕಾಲಿಗೆ ಕೈ ಹಾಕುವುದಿಲ್ಲ. ನಾಳೆಗೆ, ನಾಡಿದ್ದಿಗೆ, ಮೊಮ್ಮಕ್ಕಳಿಗೆ ಅಂತ ಬಾಟಲಿಯಲ್ಲಿ ತುಂಬಿಸಿಕೊಳ್ಳುವುದಿಲ್ಲ. ಕಡವೆಗೆ ಹತ್ತಿದೆ ಅಂತ ಫೋಟೊ ಹಾಕಿ, ಉಳಿದ ಇಂಬಳಗಳೆಲ್ಲ ಅದೇ ಕಡವೆಗೆ ಮುಗಿಬೀಳುವ ಹಾಗೆ ಮಾಡುವುದಿಲ್ಲ. ನೀವು ಒಂದು ಜಲಪಾತ ನೋಡಿದರೆ ಜಾಗದ ಗುರುತು ಹಾಕಿ ಊರಿಗೆಲ್ಲ ಹೇಳುತ್ತೀರಿ, ಮುಂದಿನ ವಾರ ಅಲ್ಲಿ ಭೇಲ್‌ಪುರಿ. ನನ್ನಿಂದ ನೀವು ಕಲಿಯಬಹುದಾದದ್ದು ಒಂದೇ ವಿದ್ಯೆ ಇದೆ, ಅದು...

ನಾನು: ಅದು?

ಉತ್ತರ ಬರಲಿಲ್ಲ. ಇಂಬಳ ಹಿಮ್ಮಡಿಯನ್ನು ಬಿಟ್ಟು, ಬಂಡೆಯ ಮೇಲೆ ಬಿದ್ದು, ಉರುಳಿ, ತರಗೆಲೆಯ ಅಡಿಗೆ ಸೇರಿತು. "ಅದು ಏನು?" ಎಂದು ಬಗ್ಗಿ ಇನ್ನೊಮ್ಮೆ ಕೇಳಿದೆ. ಎಲೆ ಅಲುಗಲಿಲ್ಲ.

"ಹೊಟ್ಟೆ ತುಂಬಿದ ಮೇಲೆ ನಿಲ್ಲೋದಿಲ್ಲ ಸರ್ ಅವು" ಎಂದ ಹುಡುಗ. "ಶಿಖರಕ್ಕೆ ಇನ್ನೂ ಎರಡು ಗಂಟೆ ಉಂಟು. ಮೋಡ ಮುಚ್ಚುತ್ತಿದೆ. ಹೋಗುವುದಾ?"

ಮೇಲೆ ನೋಡಿದೆ. ಕುದುರೆಯ ಮುಖ ಅರ್ಧ ಮೋಡದೊಳಗಿತ್ತು. ಅಲ್ಲಿಯವರೆಗೆ ಬಂದ ದಾರಿ, ದಾಟಿದ ಹಳ್ಳ, ಬೆನ್ನು ತಿರುಗಿಸಿದ ಕಾಟಿ ಎಲ್ಲವನ್ನೂ ಒಮ್ಮೆ ಎಣಿಸಿಕೊಂಡೆ. "ಬೇಡ, ಸಾಕು" ಎಂದೆ. ದುಡ್ಡು ಕಟ್ಟಿ ಬಂದು ತುದಿ ನೋಡದೆ ತಾನಾಗಿಯೇ ತಿರುಗುವವರನ್ನು ಅವನು ಹೆಚ್ಚು ಕಂಡಿರಲಿಕ್ಕಿಲ್ಲ. ಹುಷಾರಿಲ್ಲವಾ ಎಂದು ಎರಡು ಸಲ ಕೇಳಿದ.

ಕೆಸರಿನ ನಡುವೆಯೇ ಕಾಲಿಟ್ಟು ಇಳಿದೆವು. ರಕ್ತ ಮುಳ್ಳೋಡಿಯ ತನಕವೂ ನಿಲ್ಲಲಿಲ್ಲ. ಹೋಂಸ್ಟೇಯಲ್ಲಿ ಅಜ್ಜಿ ಕುಚ್ಚಲಕ್ಕಿ ಗಂಜಿ ಬಡಿಸಿ, "ಉಪ್ಪು ಮುಗಿದಿದೆ ಮಾರಾಯ, ಕಳಸಕ್ಕೆ ಹೋದವರು ಇನ್ನೂ ಬಂದಿಲ್ಲ" ಎಂದರು. ಜೇಬಿನಿಂದ ಪೊಟ್ಟಣ ತೆಗೆದುಕೊಟ್ಟೆ. ಕಾಡಿಗೆ ಹೋಗಿ ಬಂದವರ ಜೇಬಿನಲ್ಲಿ ಉಪ್ಪು ಯಾಕಿತ್ತು ಎಂದು ಅವರು ಕೇಳಲಿಲ್ಲ. ಎರಡು ಚಿಟಿಕೆ ಗಂಜಿಗೆ ಹಾಕಿ, ಉಳಿದದ್ದನ್ನು ಭರಣಿಗೆ ಸುರಿದು, ಖಾಲಿ ಪ್ಲಾಸ್ಟಿಕನ್ನು ಮಡಿಚಿ ನನ್ನ ಕೈಗೇ ವಾಪಸು ಇಟ್ಟರು.

"ಇದು ನಿಮ್ಮೂರಿಗೆ" ಎಂದರು.